ಕ್ರಿಯಾಟಿನಿನ್ 1.2 ಇದ್ರೂ ಬಯಾಪ್ಸಿ ಬೇಕಾ? (ಅಮ್ಮ ಕೊಟ್ಟ ಕಿಡ್ನಿ, 11 ತಿಂಗಳು)

ತೋಟದ_ದಾರಿ · ಭಾನುವಾರ ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ಶಿರಸಿ ಕಡೆಯವನು, ವಯಸ್ಸು 34. ಅಮ್ಮನ ಕಿಡ್ನಿ ಹಾಕಿಸಿಕೊಂಡು ಮುಂದಿನ ತಿಂಗಳಿಗೆ ವರ್ಷ ತುಂಬುತ್ತೆ. ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕೋ ರಕ್ತದ ಕಸ, ಕಿಡ್ನಿ ಸೋತರೆ ಏರುತ್ತೆ) ಮೂರನೇ ತಿಂಗಳಿಂದ 1.1, 1.2ರಲ್ಲೇ ನಿಂತಿದೆ. ಮೂತ್ರದಲ್ಲಿ ಪ್ರೋಟೀನ್ ಹೋಗ್ತಿಲ್ಲ, ಬಿಪಿ ಒಂದೇ ಮಾತ್ರೆಯಲ್ಲಿ ಹಿಡಿತದಲ್ಲಿದೆ.

ಹೋದ ವಾರ ಬೆಂಗಳೂರಿಗೆ ಚೆಕಪ್‌ಗೆ ಹೋದಾಗ ಡಾಕ್ಟ್ರು "ವರ್ಷ ತುಂಬ್ತಾ ಇದೆ, ಒಂದು ಪ್ರೋಟೋಕಾಲ್ ಬಯಾಪ್ಸಿ ಮಾಡಿಬಿಡೋಣ" ಅಂದ್ರು. ಏನಾದ್ರೂ ತೊಂದರೆ ಕಂಡಿದೆಯಾ ಸಾರ್ ಅಂತ ಕೇಳಿದೆ. "ಇಲ್ಲ, ಏನೂ ಇಲ್ಲದಿರುವಾಗಲೇ ನೋಡೋದು" ಅಂದ್ರು. ಹೊರಗೆ ನಲವತ್ತು ಜನ ಕೂತಿದ್ರು, ಅದಕ್ಕಿಂತ ಹೆಚ್ಚು ಕೇಳೋಕಾಗ್ಲಿಲ್ಲ.

ಮನೆಗೆ ಬಂದು ಹೇಳಿದ್ದೇ ತಪ್ಪಾಯ್ತು. ಅಮ್ಮ ಎರಡು ದಿನ ಸರಿಯಾಗಿ ಮಾತಾಡ್ಲಿಲ್ಲ. ಮೂರನೇ ದಿನ ಕಾಫಿ ಲೋಟ ಇಟ್ಟು, "ಸಮ ಕೆಲಸ ಮಾಡ್ತಿರೋದಕ್ಕೆ ಸೂಜಿ ಹಾಕಿ ತುಂಡು ತೆಗೀತಾರಂತಾ? ಇರೋದೇ ಒಂದು" ಅಂದ್ಲು. ನನಗೂ ಒಳಗೊಳಗೆ ಅದೇ ಪ್ರಶ್ನೆ. ಮಾಡಿಸಿಕೊಂಡವರು ಯಾರಾದ್ರೂ ಇದ್ರೆ ಹೇಳಿ. ನೋವಿಗಿಂತ ಹೆಚ್ಚಾಗಿ, ಇದರ ಅಗತ್ಯ ಇದೆಯಾ ಅನ್ನೋದು ತಿಳೀಬೇಕು.

---

ಒಂಬತ್ತನೇ_ವರ್ಷ · ಭಾನುವಾರ ರಾತ್ರಿ 10:05

ನನಗೆ ಮೂರು ಸಲ ಆಗಿದೆ, ಹಾಗಾಗಿ ನಾನೇ ಮೊದಲು ಬರೀತೀನಿ.

ಮೊದಲನೇದು ಕಸಿಯಾದ ಹನ್ನೆರಡನೇ ದಿನ, ಕಿಡ್ನಿ ಎದ್ದೇಳೋಕೆ ತಡ ಮಾಡ್ತು ಅಂತ. ಎರಡನೇದು ಮೂರನೇ ತಿಂಗಳು, ನಿಮ್ಮ ಥರಾನೇ ಪ್ರೋಟೋಕಾಲ್. ಮೂರನೇದು ಆರನೇ ವರ್ಷ, ಕ್ರಿಯಾಟಿನಿನ್ 1.4ರಿಂದ 1.9ಕ್ಕೆ ಹೋದಾಗ.

ಹೊಸ ಕಿಡ್ನಿ ಬೆನ್ನ ಕಡೆ ಇರಲ್ಲ, ಹೊಟ್ಟೆಯ ಕೆಳಗೆ ಒಂದು ಪಕ್ಕದಲ್ಲಿ, ಚರ್ಮಕ್ಕೆ ಹತ್ತಿರದಲ್ಲೇ ಇರುತ್ತೆ. ಬೋರಲು ಮಲಗೋದು, ಉಸಿರು ಬಿಗಿಹಿಡಿಯೋದು ಯಾವುದೂ ಬೇಡ. ಅಂಗಾತ ಮಲಗಿಸ್ತಾರೆ, ಅಲ್ಟ್ರಾಸೌಂಡ್ ಇಟ್ಟು ಜಾಗ ಗುರುತು ಮಾಡ್ತಾರೆ, ಮರಗಟ್ಟೋ ಇಂಜೆಕ್ಷನ್ ಕೊಡ್ತಾರೆ. ಆ ಇಂಜೆಕ್ಷನ್ನೇ ಸ್ವಲ್ಪ ಉರಿ. ಆಮೇಲೆ ಸ್ಪ್ರಿಂಗ್ ಇರೋ ಸೂಜಿ "ಟಕ್" ಅನ್ನುತ್ತೆ. ಶಬ್ದಕ್ಕೆ ಬೆಚ್ಚಿಬೀಳ್ತೀರಿ, ನೋವಿಗಲ್ಲ. ಎರಡು ಸಲ ಟಕ್, ಮುಗೀತು.

ಕಷ್ಟ ಇರೋದು ಆಮೇಲಿನ ಆರು ಗಂಟೆ. ಅಲ್ಲಾಡದೆ ಮಲಗಬೇಕು, ಬಾಟಲಿಯಲ್ಲೇ ಮೂತ್ರ. ನಮ್ಮ ವಾರ್ಡಿನ ಸಿಸ್ಟರು ಪ್ರತಿ ಸಲದ ಮೂತ್ರವನ್ನೂ ಸಣ್ಣ ಬಾಟಲಿಗೆ ಹಾಕಿ ಕಿಟಕಿ ಕಟ್ಟೆ ಮೇಲೆ ಸಾಲಾಗಿ ಇಡ್ತಿದ್ರು. ಬಣ್ಣ ತಿಳಿಯಾಗ್ತಾ ಹೋದ್ರೆ ಸರಿ, ಕೆಂಪಾಗ್ತಾ ಹೋದ್ರೆ ಡಾಕ್ಟ್ರಿಗೆ ಫೋನು. ಮೂರನೇ ಸಲ ನನ್ನ ಎರಡನೇ ಬಾಟಲಿ ರೂಹ್ ಅಫ್ಜಾ ಥರ ಇತ್ತು. ನಾಲ್ಕನೇದಕ್ಕೆ ತಿಳಿಯಾಯ್ತು.

ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಥರದ ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದ್ರೆ ಈಗಲೇ ಡಾಕ್ಟ್ರಿಗೆ ಹೇಳಿ. ಎಷ್ಟೋ ಜನ ಅದನ್ನ "ಹಾರ್ಟಿನ ಮಾತ್ರೆ" ಅಂದ್ಕೊಂಡು ಹೇಳೋದೇ ಇಲ್ಲ.

---

ಅನುಮಾನಿ · ಭಾನುವಾರ ರಾತ್ರಿ 11:30

ನಾನು ಬೇರೆ ಮಾತು ಹೇಳ್ತೀನಿ, ಬೇಜಾರಾಗಬೇಡಿ. ನಂದು ತುಮಕೂರು, ಕಸಿಯಾಗಿ ಐದು ವರ್ಷ. ವರ್ಷದ ಬಯಾಪ್ಸಿ ಮಾಡಿಸ್ಕೊಂಡೆ. ಕಿಡ್ನಿ ಸುತ್ತ ರಕ್ತ ಹೆಪ್ಪುಗಟ್ಟಿ ನಾಲ್ಕು ದಿನ ಅಡ್ಮಿಟ್. ರಿಪೋರ್ಟಲ್ಲಿ ಬಂದಿದ್ದೇನು? "ರಿಜೆಕ್ಷನ್ ಇಲ್ಲ." ಅಂದ್ರೆ ದೇಹ ಹೊಸ ಕಿಡ್ನಿ ಮೇಲೆ ದಾಳಿ ಮಾಡ್ತಿಲ್ಲ ಅಂತ. ಅದು ನನಗೆ ಮೊದಲೇ ಗೊತ್ತಿತ್ತಲ್ಲ! ಬಿಲ್ ಕೈಯಿಂದ ಕಟ್ಟಿದ್ದು ನಾನು.

ಹಾಲು ಕೊಡೋ ಹಸುವನ್ನ ಯಾರೂ ಕೊಯ್ದು ನೋಡಲ್ಲ. ತಿಂಗಳಿಗೊಮ್ಮೆ ಕ್ರಿಯಾಟಿನಿನ್ ಮಾಡಿಸ್ತೀವಿ, ಏರಿದ್ರೆ ಆಗ ನೋಡೋಣ. ಅಷ್ಟು ದೊಡ್ಡ ಕಿಡ್ನಿಯಲ್ಲಿ ಒಂದು ದಾರದೆಳೆ ತೆಗೆದು "ಎಲ್ಲಾ ಚೆನ್ನಾಗಿದೆ" ಅನ್ನೋದಾದ್ರೂ ಹೇಗೆ?

---

ಮೈಕ್ರೋಟೋಮ್ · ಸೋಮವಾರ ಬೆಳಿಗ್ಗೆ 6:50

ಅನುಮಾನಿಯವರ ಕೊನೇ ಪ್ರಶ್ನೆ ನನ್ನ ಹೊಟ್ಟೆಪಾಡಿನದ್ದು ಮಾರಾಯ್ರೆ. ನಾನು ದಕ್ಷಿಣ ಕನ್ನಡದ ಒಂದು ಲ್ಯಾಬಿನಲ್ಲಿ ಟೆಕ್ನಿಶಿಯನ್. ಬಯಾಪ್ಸಿ ಡಬ್ಬಿ ಮೊದಲು ಬರುವುದು ನನ್ನ ಕೈಗೆ.

ಬರುವುದು ಶ್ಯಾವಿಗೆ ಎಳೆಯಂಥದ್ದು. ಸುಮಾರು ಒಂದು ಮಿಲಿಮೀಟರ್ ದಪ್ಪ, ಒಂದು ಒಂದೂವರೆ ಸೆಂಟಿಮೀಟರ್ ಉದ್ದ. ಕಿಡ್ನಿಯ ಹೊರಪದರ, ಅಂದರೆ ಕಾರ್ಟೆಕ್ಸ್, ಅದರಲ್ಲಿ ಇರಲೇಬೇಕು. ಯಾಕೆಂದರೆ ಗ್ಲೊಮೆರುಲಸ್‌ಗಳು, ಅದೇ ರಕ್ತ ಸೋಸುವ ಸಣ್ಣ ಸಣ್ಣ ಉಂಡೆಗಳು, ಇರುವುದು ಅಲ್ಲಿ. ಬ್ಯಾನ್ಫ್ ಎನ್ನುವ ನಿಯಮಾವಳಿಯ ಪ್ರಕಾರ 10 ಗ್ಲೊಮೆರುಲಸ್ ಮತ್ತು 2 ಅಪಧಮನಿ ಸಿಕ್ಕರೆ ಮಾದರಿ ಸಾಕಷ್ಟಿದೆ ಎಂದು ಲೆಕ್ಕ. 7 ಮತ್ತು 1 ಸಿಕ್ಕರೆ ಹೇಗೋ ನಡೆಯುತ್ತದೆ. ಅದಕ್ಕೂ ಕಡಿಮೆ ಇದ್ದರೆ ಆ ರಿಪೋರ್ಟಿನ "ರಿಜೆಕ್ಷನ್ ಇಲ್ಲ" ಎಂಬ ಮಾತಿಗೆ ಅಷ್ಟು ತೂಕ ಇಲ್ಲ. ಹಾಗಾಗಿ ಎರಡು ಎಳೆ ತೆಗೆಯುವುದು. ರಿಪೋರ್ಟ್ ಕೈಗೆ ಬಂದಾಗ ಮೊದಲು ಕೊನೇ ಸಾಲು ಓದಬೇಡಿ, ಎಷ್ಟು ಗ್ಲೊಮೆರುಲಸ್ ಸಿಕ್ಕಿದೆ ಎಂದು ನೋಡಿ.

ತೋಟದ_ದಾರಿ ಅವರ ಅಮ್ಮನಿಗೆ ಒಂದು ಲೆಕ್ಕ ಹೇಳಿ. ಒಂದು ಕಿಡ್ನಿಯಲ್ಲಿ ಇಂಥ ಉಂಡೆಗಳು ಸುಮಾರು 10 ಲಕ್ಷ. ನಾವು ತೆಗೆಯುವುದು ಇಪ್ಪತ್ತೋ ಮೂವತ್ತೋ. ಅಡಿಕೆ ತೋಟದವರಿಗೆ ಇದು ಬೇಗ ಅರ್ಥ ಆಗುತ್ತದೆ, ಇಡೀ ಮೂಟೆಯಿಂದ ಎರಡು ಅಡಿಕೆ ತೆಗೆದು ಕತ್ತರಿಸಿ ನೋಡುವುದಿಲ್ಲವಾ?

ಆಮೇಲೆ ಅದನ್ನು ಮೇಣದಲ್ಲಿ ಕೂರಿಸಿ ಎರಡು ಮೂರು ಮೈಕ್ರಾನ್ ದಪ್ಪಕ್ಕೆ ಸೀಳುತ್ತೇನೆ, ನಾಲ್ಕೈದು ಬಗೆಯ ಬಣ್ಣ ಹಾಕುತ್ತೇನೆ. ಪಿಎಎಸ್ ಎಂಬ ಬಣ್ಣದಲ್ಲಿ ಕೊಳವೆಗಳ ಗೋಡೆ ಕುಂಕುಮದ ಗೆರೆ ಹಾಗೆ ಎದ್ದು ಕಾಣುತ್ತದೆ. ಆ ಗೆರೆ ದಾಟಿ ಬಿಳಿ ರಕ್ತಕಣ ಒಳಗೆ ನುಗ್ಗಿದ್ದರೆ ಪೆಥಾಲಜಿಸ್ಟ್ ಎಣಿಸುತ್ತಾರೆ. ಒಂದು ಕೊಳವೆಯಲ್ಲಿ 1ರಿಂದ 4 ಕಂಡರೆ ಟಿ1, 5ರಿಂದ 10 ಇದ್ದರೆ ಟಿ2, ಹತ್ತು ದಾಟಿದರೆ ಟಿ3. ರಿಪೋರ್ಟಿನಲ್ಲಿ ಬರುವ ಆ ಮಂತ್ರದಂಥ ಅಕ್ಷರಗಳೆಲ್ಲ ಇಂಥ ಎಣಿಕೆಗಳೇ.

---

ಹುಬ್ಬಳ್ಳಿ_ಅಕ್ಕ · ಸೋಮವಾರ ಮಧ್ಯಾಹ್ನ 2:15

ತಮ್ಮಾ, ನಮ್ಮನಿಯವರದು ಹೇಳ್ತೀನಿ ಕೇಳು. ಕಸಿ ಆಗಿ ಎಂಟು ತಿಂಗಳಿಗೆ ಕ್ರಿಯಾಟಿನಿನ್ 1.3 ಇದ್ದದ್ದು 1.9 ಆತು. ಊರಾಗ ತೋರಿಸಿದ ಡಾಕ್ಟರು ರಿಜೆಕ್ಷನ್ನ ಇರಬೇಕು, ಸ್ಟೀರಾಯ್ಡ್ ಚಾಲೂ ಮಾಡೂಣು ಅಂದ್ರು. ಕಸಿ ಮಾಡಿದ ದವಾಖಾನಿಗೆ ಫೋನ್ ಹಚ್ಚಿದ್ರ ಅವರು, "ಏನೂ ಕೊಡಬ್ಯಾಡ್ರಿ, ಮೊದಲ ಬಯಾಪ್ಸಿ ಆಗ್ಲಿ" ಅಂದ್ರು. ರಾತ್ರೋರಾತ್ರಿ ಬಸ್ ಹತ್ತಿದ್ವಿ.

ಬಯಾಪ್ಸಿಯೊಳಗ ಬಂದಿದ್ದು ಬಿಕೆ ವೈರಸ್, ಮೈಯ ಪ್ರತಿರೋಧ ತಗ್ಗಿದಾಗ ಕಿಡ್ನಿಗೆ ಬಡಿಯೂ ವೈರಸ್ಸು! ಎಸ್‌ವಿ40 ಅಂತ ಒಂದು ಬಣ್ಣ ಹಾಕ್ತಾರಂತ, ಅದರಾಗ ಗೊತ್ತಾತು. ರಿಜೆಕ್ಷನ್ ಆಗಿದ್ರ ಪ್ರತಿರೋಧ ತಗ್ಗಿಸೂ ಔಷಧಿ ಏರಿಸಬೇಕು, ಬಿಕೆ ಆಗಿದ್ರ ಔಷಧಿ ಇಳಸಬೇಕು. ಒಂದಕ್ಕೊಂದು ತದ್ವಿರುದ್ಧ ನೋಡು. ಕ್ರಿಯಾಟಿನಿನ್ ಮಾತ್ರ ಎರಡರಾಗೂ ಅದ 1.9. ಅವತ್ತು ಸ್ಟೀರಾಯ್ಡ್ ಹೊಡೆದಿದ್ರ ವೈರಸ್ಸಿಗೆ ಹಬ್ಬದೂಟ ಹಾಕಿದಂಗ ಆಗ್ತಿತ್ತು. ಔಷಧಿ ಇಳಿಸಿ, ತಿಂಗಳಾನುಗಟ್ಟಲೆ ರಕ್ತ ಪರೀಕ್ಷಾ ಮಾಡಿಸಿ, ಈಗ 1.5ಕ್ಕ ನಿಂತೈತಿ.

ನಿಂದು ಏರಿಲ್ಲ, ಖರೆ. ಆದ್ರ ಕ್ರಿಯಾಟಿನಿನ್ ಒಂದನ್ನ ನಂಬಿ ಕೂಡಬ್ಯಾಡ ಅಂತ ಅಷ್ಟ ನನ್ನ ಮಾತು.

---

ರಾತ್ರಿ_ಡ್ಯೂಟಿ · ಸೋಮವಾರ ರಾತ್ರಿ 1:40

ನೆಫ್ರಾಲಜಿಯಲ್ಲಿ (ಕಿಡ್ನಿ ವೈದ್ಯಶಾಸ್ತ್ರ) ಡಿಎಂ ಓದುತ್ತಿದ್ದೇನೆ. ನಿಮ್ಮ ಡಾಕ್ಟರಿಗೆ ನಿಮ್ಮ ಫೈಲು ಗೊತ್ತು, ನನಗಿಲ್ಲ. ಆದ್ದರಿಂದ ನಿರ್ಧಾರ ಅವರ ಜೊತೆ ಕೂತೇ ಆಗಲಿ. ಹಿನ್ನೆಲೆ ಮಾತ್ರ ಹೇಳುತ್ತೇನೆ.

ಹುಬ್ಬಳ್ಳಿ ಅಕ್ಕನವರದು ಕಾರಣವಿದ್ದು ಮಾಡಿದ ಬಯಾಪ್ಸಿ. ಅದರ ಬಗ್ಗೆ ಜಗಳವೇ ಇಲ್ಲ. ಕ್ರಿಯಾಟಿನಿನ್ ಕಾರಣ ತಿಳಿಯದೆ ಏರಿ ಇಳಿಯದೇ ನಿಂತರೆ, ಹೊಸದಾಗಿ ಪ್ರೋಟೀನ್ ಹೋಗತೊಡಗಿದರೆ, ರಿಜೆಕ್ಷನ್‌ಗೆ ಚಿಕಿತ್ಸೆ ಕೊಟ್ಟ ಮೇಲೂ ಹಳೆಯ ಮಟ್ಟಕ್ಕೆ ಬರದಿದ್ದರೆ ಬಯಾಪ್ಸಿ ಮಾಡಿ ಎಂದು ಕೆಡಿಗೋ ಎಂಬ ಅಂತರರಾಷ್ಟ್ರೀಯ ಕಿಡ್ನಿ ಸಂಸ್ಥೆಯ 2009ರ ಮಾರ್ಗಸೂಚಿಯೇ ಹೇಳುತ್ತದೆ. ಚರ್ಚೆ ಇರುವುದು ತೋಟದ_ದಾರಿಯವರಂಥ ಆರಾಮಾಗಿರುವ ಕಿಡ್ನಿಯ ಬಗ್ಗೆ.

ಇದು ಎಲ್ಲಿಂದ ಶುರುವಾಯ್ತು ಅಂದರೆ, ಕೆನಡಾದ ವಿನ್ನಿಪೆಗ್‌ನಲ್ಲಿ ಡೇವಿಡ್ ರಶ್ ಮತ್ತು ಜೊತೆಗಾರರು 1990ರ ದಶಕದಲ್ಲಿ ಕ್ರಿಯಾಟಿನಿನ್ ಸ್ಥಿರವಾಗಿದ್ದವರಿಗೂ ಬಯಾಪ್ಸಿ ಮಾಡಿ ನೋಡಿದರು. ಹೊರಗೆ ಏನೂ ಕಾಣದವರ ಕಿಡ್ನಿಯಲ್ಲಿ ಒಳಗೊಳಗೇ ರಿಜೆಕ್ಷನ್ ನಡೀತಿತ್ತು. ಬೂದಿ ಮುಚ್ಚಿದ ಕೆಂಡ ಅನ್ನಿ. 1998ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ಹೀಗೆ ಮೊದಲೇ ಹಿಡಿದು ಸ್ಟೀರಾಯ್ಡ್ ಕೊಟ್ಟವರ ಕಿಡ್ನಿ ಎರಡು ವರ್ಷದ ಹೊತ್ತಿಗೆ ಚೆನ್ನಾಗಿತ್ತು.

ಆಮೇಲೆ ಸಿಡ್ನಿಯ ನ್ಯಾನ್‌ಕಿವೆಲ್ ತಂಡ 2003ರಲ್ಲಿ ಇನ್ನೂ ದೊಡ್ಡ ಕೆಲಸ ತೋರಿಸಿತು. 120 ರೋಗಿಗಳು, ಹತ್ತು ವರ್ಷ, 961 ಬಯಾಪ್ಸಿ. ಒಬ್ಬರನ್ನು ಬಿಟ್ಟು ಎಲ್ಲರೂ ಟೈಪ್ 1 ಸಕ್ಕರೆ ಕಾಯಿಲೆಯವರು. ಮೊದಲ ವರ್ಷದಲ್ಲೇ ಕೊಳವೆಗಳ ಸುತ್ತ ಕಲೆ ಕಟ್ಟುವುದು ಶುರುವಾಗುತ್ತೆ, ವರ್ಷಗಳು ಕಳೆದ ಹಾಗೆ ರಿಜೆಕ್ಷನ್ ತಡೆಯಲು ಕೊಡುವ ಟ್ಯಾಕ್ರೋಲಿಮಸ್, ಸೈಕ್ಲೋಸ್ಪೋರಿನ್ ಗುಂಪಿನ ಔಷಧಿಗಳೇ ಕಿಡ್ನಿಯ ಸಣ್ಣ ರಕ್ತನಾಳಗಳನ್ನು ಕೆಡಿಸುತ್ತಾ ಹೋಗುತ್ತವೆ ಎಂಬ ಚಿತ್ರ ಅದರಿಂದ ಸಿಕ್ಕಿತು. ಕಿಡ್ನಿಗೆ ಮೀಸಲು ಶಕ್ತಿ ಜಾಸ್ತಿ, ಸಾಕಷ್ಟು ಹಾಳಾಗುವವರೆಗೂ ಕ್ರಿಯಾಟಿನಿನ್ ಬಾಯಿ ಬಿಡುವುದಿಲ್ಲ.

ಅನುಮಾನಿಯವರೇ, ಈಗ ನಿಮ್ಮ ಕಡೆಯ ಮಾತು. ಅದೇ ರಶ್ 2007ರಲ್ಲಿ ಮತ್ತೊಂದು ಪ್ರಯೋಗ ಪ್ರಕಟಿಸಿದರು, ಟ್ಯಾಕ್ರೋಲಿಮಸ್ ಮತ್ತು ರಿಜೆಕ್ಷನ್ ತಡೆಯುವ ಇನ್ನೊಂದು ಔಷಧಿ ಮೈಕೋಫಿನೋಲೇಟ್ ತೆಗೆದುಕೊಳ್ಳುವವರಲ್ಲಿ. ಒಳಗೊಳಗಿನ ರಿಜೆಕ್ಷನ್ ನೂರಕ್ಕೆ ಐದರ ಆಸುಪಾಸಿಗೆ ಇಳಿದಿತ್ತು, ಮೊದಲ ತಿಂಗಳುಗಳ ಬಯಾಪ್ಸಿಯಿಂದ ಲಾಭ ಕಾಣಲಿಲ್ಲ. ತಾನೇ ಶುರು ಮಾಡಿದ್ದರ ವಿರುದ್ಧದ ಫಲಿತಾಂಶವನ್ನು ತಾನೇ ಪ್ರಕಟಿಸುವುದಕ್ಕೆ ಗುಂಡಿಗೆ ಬೇಕು, ಅದು ನನಗೆ ಇಷ್ಟ. ಹಾಗಾಗಿ ಇವತ್ತು ಕೆಲವು ಕೇಂದ್ರಗಳು 3ನೇ ಮತ್ತು 12ನೇ ತಿಂಗಳಿಗೆ ಎಲ್ಲರಿಗೂ ಮಾಡುತ್ತವೆ, ಕೆಲವು ಅಪಾಯ ಜಾಸ್ತಿ ಇರುವವರಿಗೆ ಮಾತ್ರ, ಕೆಲವು ಮಾಡುವುದೇ ಇಲ್ಲ. ಮೂವರನ್ನೂ ತಪ್ಪು ಅನ್ನಲಾರೆ.

ಅಪಾಯದ ಲೆಕ್ಕ: ಸ್ಥಿರವಾಗಿರುವ ಕಿಡ್ನಿಗಳ 2127 ಬಯಾಪ್ಸಿಗಳನ್ನು ಫರ್ನೆಸ್ ಮತ್ತಿತರರು ಹಲವು ಕೇಂದ್ರಗಳಿಂದ ಒಟ್ಟುಮಾಡಿ 2003ರಲ್ಲಿ ಪ್ರಕಟಿಸಿದರು. ಸಾವು ಇಲ್ಲ, ಕಿಡ್ನಿ ಕಳೆದುಕೊಂಡವರು ಒಬ್ಬರು. ಮೂತ್ರ ಕೆಂಪಾಗುವುದು ಅಷ್ಟು ಅಪರೂಪವಲ್ಲ. ನಿಮಗಾದಂಥ ಹೆಪ್ಪು ಅದಕ್ಕಿಂತ ಕಮ್ಮಿ, ಆದರೆ ಆದವರಿಗೆ ಅದು ನೂರಕ್ಕೆ ನೂರು ಅಂತ ನನಗೂ ಗೊತ್ತು.

---

ಅನುಮಾನಿ · ಮಂಗಳವಾರ ಬೆಳಿಗ್ಗೆ 8:10

ಇಷ್ಟು ಬಿಡಿಸಿ ನನ್ನ ಡಾಕ್ಟ್ರು ಹೇಳಿದ್ರೆ ನಾನು ಇಲ್ಲಿ ಜಗಳಕ್ಕೇ ಬರ್ತಿರ್ಲಿಲ್ಲ. ಧನ್ಯವಾದ ಡಾಕ್ಟ್ರೇ. ಆದ್ರೂ 2007ರ ಮಾತು ನಂದೇ ಅಂತ ಇಟ್ಕೋತೀನಿ.

---

ಡಲ್ಲಾಸ್_ದೋಸೆ · ಮಂಗಳವಾರ ಬೆಳಿಗ್ಗೆ 9:00

ಇಲ್ಲಿ ಅಮೆರಿಕದಲ್ಲಿ ನನಗೆ ಸೂಜಿಗೆ ಮುಂಚೆ ರಕ್ತದ ಪರೀಕ್ಷೆಯೊಂದನ್ನು ಮಾಡ್ತಾರೆ. ಕಸಿ ಕಿಡ್ನಿಯ ಜೀವಕೋಶಗಳು ಸತ್ತಾಗ ಅವುಗಳ ಡಿಎನ್‌ಎ ಚೂರುಗಳು ನಮ್ಮ ರಕ್ತಕ್ಕೆ ಬರುತ್ತವಂತೆ. ರಕ್ತದಲ್ಲಿ ತೇಲೋ ಒಟ್ಟು ಡಿಎನ್‌ಎಯಲ್ಲಿ ದಾನಿಯದ್ದು ಶೇ 1 ದಾಟಿದ್ರೆ ಗಂಟೆ ಬಾರಿಸ್ತಾರೆ. ಅಲ್ಲೂರ್ ಅನ್ನೋ ಹೆಸರಲ್ಲಿ 2017ರಿಂದ ಇದೆ. ಬಯಾಪ್ಸಿ ಕಾಲ ಮುಗೀತು ಅನ್ಸುತ್ತೆ. ತೋಟದ_ದಾರಿ, ಅಲ್ಲಿ ಸಿಗುತ್ತಾ ವಿಚಾರಿಸಿ.

---

ರಾತ್ರಿ_ಡ್ಯೂಟಿ · ಮಂಗಳವಾರ ಮಧ್ಯಾಹ್ನ 3:25

ಅದು ಅಲ್ಲೂರ್ ಅಲ್ಲ ಸಾರ್, ಅಲ್ಲೋಶೂರ್. ಅಲ್ಲೂರ್ ಅಂದ್ರೆ ಯಾವುದೋ ಹೋಬಳಿ ಥರ ಕೇಳಿಸುತ್ತೆ :)

ಒಳ್ಳೆಯ ಪರೀಕ್ಷೆ. ಆದರೆ ಅದು ಹೇಳುವುದು ಮನೆಯೊಳಗೆ ಹೊಗೆ ಇದೆ ಅಂತ ಮಾತ್ರ. ಒಲೆಯದ್ದಾ, ಬೆಂಕಿ ಬಿದ್ದದ್ದಾ ಅನ್ನೋಕೆ ಬಾಗಿಲು ತೆಗೆದೇ ನೋಡಬೇಕು. ಬಿಕೆ ವೈರಸ್‌ನಿಂದಲೂ ಏರಬಹುದು, ರಿಜೆಕ್ಷನ್‌ನಿಂದಲೂ ಏರಬಹುದು. ಔಷಧಿ ಏರಿಸಬೇಕಾ ಇಳಿಸಬೇಕಾ ಅಂತ ಅಕ್ಕ ಹೇಳಿದ ಪ್ರಶ್ನೆಗೆ ಉತ್ತರ ಇನ್ನೂ ಅಂಗಾಂಶದಲ್ಲೇ ಇದೆ. ಸಣ್ಣ ಮಟ್ಟದ ಟಿ ಕೋಶದ (ಒಂದು ಬಗೆಯ ಬಿಳಿ ರಕ್ತಕಣ) ರಿಜೆಕ್ಷನ್ ಕೆಲವೊಮ್ಮೆ ಆ ರಕ್ತ ಪರೀಕ್ಷೆಯ ಕಣ್ಣು ತಪ್ಪಿಸುತ್ತದೆ. ತದ್ರೂಪಿ ಅವಳಿಯಿಂದ ಕಿಡ್ನಿ ಪಡೆದವರಿಗಂತೂ ನಡೆಯುವುದೇ ಇಲ್ಲ, ಇಬ್ಬರ ಡಿಎನ್‌ಎಯೂ ಒಂದೇ. 1954ರಲ್ಲಿ ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಮಾಡಿದ ಮೊದಲ ಯಶಸ್ವಿ ಕಸಿ ತದ್ರೂಪಿ ಅವಳಿಗಳದ್ದೇ. ರಿಜೆಕ್ಷನ್ನೇ ಇಲ್ಲದ ಜೋಡಿ ಅಂತಲೇ ಅದು ಗೆದ್ದಿದ್ದು.

ತೋಟದ_ದಾರಿ, ನಿಮಗೊಂದು ಪ್ರಶ್ನೆ. ಟ್ಯಾಕ್ರೋ ಲೆವೆಲ್, ಅಂದರೆ ರಕ್ತದಲ್ಲಿ ಟ್ಯಾಕ್ರೋಲಿಮಸ್ ಪ್ರಮಾಣ, ಹಿಂದಿನ ಮೂರು ನಾಲ್ಕು ಸಲ ಎಷ್ಟೆಷ್ಟು ಬಂದಿದೆ?

---

ತೋಟದ_ದಾರಿ · ಮಂಗಳವಾರ ರಾತ್ರಿ 9:50

ಫೈಲ್ ನೋಡಿದೆ. 7.2, 4.1, 9.6, 4.8.

---

ರಾತ್ರಿ_ಡ್ಯೂಟಿ · ಮಂಗಳವಾರ ರಾತ್ರಿ 11:55

ನಿಮ್ಮ ಡಾಕ್ಟರು ಬಯಾಪ್ಸಿ ಕೇಳಿದ್ದಕ್ಕೆ ಇದೂ ಒಂದು ಕಾರಣ ಇರಬಹುದು. ಕ್ರಿಯಾಟಿನಿನ್ ಸ್ಥಿರ, ಟ್ಯಾಕ್ರೋ ಮಾತ್ರ ಉಯ್ಯಾಲೆ. ಹೀಗೆ ತೂಗಾಡುವವರಲ್ಲಿ ಕಿಡ್ನಿಯ ಬಾಳಿಕೆ ಕಡಿಮೆ ಅಂತ ಅಧ್ಯಯನಗಳಿವೆ. ರಕ್ತ ಕೊಡುವ ದಿನ ಬೆಳಗಿನ ಮಾತ್ರೆ ನುಂಗದೇ ಹೋಗ್ತೀರಿ ತಾನೆ? ಹೊಟ್ಟೆ ಕೆಟ್ಟಿತ್ತಾ? ಬೇರೆ ಔಷಧಿ, ನಾಟಿ ಕಷಾಯ ಏನಾದ್ರೂ?

---

ಒಂಬತ್ತನೇ_ವರ್ಷ · ಬುಧವಾರ ಬೆಳಿಗ್ಗೆ 7:15

ಚಕ್ಕೋತನೂ ಕೇಳಿ ಡಾಕ್ಟ್ರೇ. ಮೊದಲ ವರ್ಷ ನೆಂಟರೊಬ್ಬರು ದೇವನಹಳ್ಳಿಯಿಂದ ಒಂದು ಚೀಲ ತಂದುಕೊಟ್ಟಿದ್ರು. ದಿನಾ ಅರ್ಧ ತಿಂದೆ, ಲೆವೆಲ್ ಗಗನಕ್ಕೆ ಹೋಯ್ತು, ಕೈ ನಡುಗೋಕೆ ಶುರುವಾಯ್ತು. ಚಕ್ಕೋತ, ಗ್ರೇಪ್‌ಫ್ರೂಟ್ ಎರಡೂ ಟ್ಯಾಕ್ರೋಗೆ ಆಗಿಬರಲ್ಲ ಅಂತ ನನಗೆ ಆಮೇಲೆ ಗೊತ್ತಾಗಿದ್ದು.

---

ತೋಟದ_ದಾರಿ · 24 ದಿನಗಳ ನಂತರ, ಶನಿವಾರ ರಾತ್ರಿ 8:30

ಮಾಡಿಸಿದೆ.

ಚುಚ್ಚಿದ್ದು ಎರಡು ಸಲ. ಒಂಬತ್ತನೇ_ವರ್ಷ ಹೇಳಿದ ಹಾಗೇ ಶಬ್ದಕ್ಕೆ ಬೆಚ್ಚಿಬಿದ್ದೆ. ನಮ್ಮಲ್ಲೂ ಕಿಟಕಿ ಕಟ್ಟೆ ಮೇಲೆ ಬಾಟಲಿ ಸಾಲು ಇತ್ತು, ಒಂದೂ ಕೆಂಪಾಗ್ಲಿಲ್ಲ. ಮಾರನೇ ದಿನ ಮನೆಗೆ.

ರಿಪೋರ್ಟ್: 22 ಗ್ಲೊಮೆರುಲಸ್, 3 ಅಪಧಮನಿ. ಐ1 (ಕೊಳವೆಗಳ ನಡುವಿನ ಉರಿಯೂತ), ಟಿ1. ಸಿ4ಡಿ (ಪ್ರತಿಕಾಯದ ದಾಳಿಯ ಗುರುತು) ನೆಗೆಟಿವ್, ಎಸ್‌ವಿ40 ನೆಗೆಟಿವ್. ಕೊನೇ ಸಾಲಲ್ಲಿ "ಬಾರ್ಡರ್‌ಲೈನ್" ಅಂತ ಇದೆ. ಪೂರ್ತಿ ರಿಜೆಕ್ಷನ್ ಅಲ್ಲ, ಏನೂ ಇಲ್ಲ ಅಂತಾನೂ ಅಲ್ಲ. ದಾನಿಯ ವಿರುದ್ಧದ ಪ್ರತಿಕಾಯ ಇದೆಯಾ ಅಂತ ರಕ್ತಾನೂ ನೋಡಿದ್ರು, ಇಲ್ಲ.

ಡಾಕ್ಟ್ರು ಈ ಸಲ ಅರ್ಧ ಗಂಟೆ ಕೂರಿಸಿಕೊಂಡು ಕೇಳಿದ್ರು. ಆಗ ಹೇಳಲೇಬೇಕಾಯ್ತು, ಇಲ್ಲೂ ಹೇಳ್ತೀನಿ. ಈ ಸಲ ಕೊನೆ ಕೊಯ್ಲಿನ ಹೊತ್ತಲ್ಲಿ ಆಳು ಸಿಗದೆ, ಅಡಿಕೆ ಸುಲಿಯೋಕೆ ನಾನೇ ಕೂರ್ತಿದ್ದೆ. ರಾತ್ರಿ ಒಂಬತ್ತರ ಮಾತ್ರೆ ಹನ್ನೆರಡಾಗ್ತಿತ್ತು. ವಾರಕ್ಕೊಂದೆರಡು ಸಲ ನೆನಪೇ ಆಗ್ತಿರ್ಲಿಲ್ಲ. ಕ್ರಿಯಾಟಿನಿನ್ ಸರಿ ಇದೆಯಲ್ಲ ಅನ್ನೋ ಧೈರ್ಯ. ಜೊತೆಗೆ ಬೇಧಿ ಅಂತ ಮೈಕೋಫಿನೋಲೇಟ್ ಒಂದು ನಾನೇ ಕಮ್ಮಿ ಮಾಡಿಕೊಂಡಿದ್ದೆ.

ಬೈದ್ರು. ಟ್ಯಾಕ್ರೋನ ದಿನಕ್ಕೊಂದೇ ಸಲದ್ದಕ್ಕೆ ಬದಲಾಯಿಸಿದ್ದಾರೆ, ಬೆಳಿಗ್ಗೆ ಹಲ್ಲುಜ್ಜಿದ ಮೇಲೆ. ಮೈಕೋಫಿನೋಲೇಟ್ ಮತ್ತೆ ಪೂರ್ತಿ ಡೋಸು. ಸ್ಟೀರಾಯ್ಡ್ ಡ್ರಿಪ್ ಸದ್ಯಕ್ಕೆ ಬೇಡ, ಎರಡು ವಾರಕ್ಕೊಮ್ಮೆ ಲೆವೆಲ್ ನೋಡೋಣ ಅಂದ್ರು.

ಅಮ್ಮನಿಗೆ 22ರ ಲೆಕ್ಕ ಹೇಳಿದೆ, ಹತ್ತು ಲಕ್ಷದಲ್ಲಿ ಇಪ್ಪತ್ತೆರಡು ಅಂತ. "ಅದು ಇರಲಿ, ಮಾತ್ರೆ ಎಷ್ಟು ತಪ್ಪಿಸಿದ್ದೆ, ಆ ಲೆಕ್ಕ ಹೇಳು" ಅಂದ್ಲು. ಹೇಳಿಲ್ಲ ಇನ್ನೂ.

---

ಅನುಮಾನಿ · ಶನಿವಾರ ರಾತ್ರಿ 9:05

ಸೂಜಿ ಇಲ್ಲದೇನೂ ಆ ನಾಲ್ಕು ಲೆವೆಲ್ ನೋಡಿ ಬೈಬಹುದಿತ್ತಲ್ಲ ಸ್ವಾಮಿ ನಿಮ್ಮ ಡಾಕ್ಟ್ರು!

ತಮಾಷೆ ಬಿಡಿ. ಕೆಂಪಾಗ್ಲಿಲ್ವಲ್ಲ, ಅದೇ ಸಮಾಧಾನ.

---

ತೋಟದ_ದಾರಿ · ಶನಿವಾರ ರಾತ್ರಿ 9:20

ಬೈದಿದ್ರು ಸಾರ್, ಹೋದ ಸಲಾನೂ. ನಾನು "ಟೈಮಿಗೆ ತಗೋತಿದ್ದೀನಿ" ಅಂದುಬಿಟ್ಟಿದ್ದೆ.

---

ಹುಬ್ಬಳ್ಳಿ_ಅಕ್ಕ · ಶನಿವಾರ ರಾತ್ರಿ 9:45

ಅವ್ವಗ ಹೇಳಿಬಿಡೋ ತಮ್ಮಾ, ಬೈಸ್ಕೋ. ನಮ್ಮನಿಯವರ ಮಾತ್ರಿ ಡಬ್ಬಿ ನಾನ ತುಂಬತೀನಿ, ರವಿವಾರಕ್ಕೊಮ್ಮೆ.

---

ಮೈಕ್ರೋಟೋಮ್ · ಭಾನುವಾರ ಬೆಳಿಗ್ಗೆ 6:30

22 ಮತ್ತು 3, ಒಳ್ಳೆಯ ಮಾದರಿ. ಒಂದು ಕೆಲಸ ಮಾಡಿ: ರಿಪೋರ್ಟಿನಲ್ಲಿ ಬ್ಲಾಕ್ ನಂಬರ್ ಅಂತ ಇರುತ್ತದೆ, ಬರೆದಿಟ್ಟುಕೊಳ್ಳಿ. ಮುಂದೆ ಎಲ್ಲೇ ಬಯಾಪ್ಸಿ ಮಾಡಿದರೂ ಈ ಸ್ಲೈಡುಗಳನ್ನು ತರಿಸಿ ಪಕ್ಕದಲ್ಲಿಟ್ಟು ನೋಡಬಹುದು. ಹಳೆಯದು ಇಲ್ಲದಿದ್ದರೆ, ಕಂಡ ಕಲೆ ಈ ವರ್ಷದ್ದೋ ನಿಮ್ಮ ಅಮ್ಮನಲ್ಲಿದ್ದಾಗಲೇ ಇತ್ತೋ ಹೇಳುವುದು ಕಷ್ಟ.

---

ತೋಟದ_ದಾರಿ · ಭಾನುವಾರ ಬೆಳಿಗ್ಗೆ 7:10

ಬರೆದಿಟ್ಟುಕೊಂಡೆ. ಸೋಮವಾರ ಶಿರಸಿಯಲ್ಲೇ ರಕ್ತ ಕೊಡ್ತಿದ್ದೀನಿ, ಮಾತ್ರೆ ನುಂಗೋಕೆ ಮುಂಚೆ. ಲೆವೆಲ್ ಬಂದ ಮೇಲೆ ಇಲ್ಲೇ ಹಾಕ್ತೀನಿ.